ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಿಕ್ಸಿ, ಫ್ರಿಜ್, ವಾಷಿಂಗ್ ಮಷೀನ್ ಕೆಟ್ಟಾಗ ನೆಂಟರು, ಅಕ್ಕಪಕ್ಕದವರು, ಪತ್ರ ಬರೆಯುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಸುಲಭದ್ದು ಮೊದಲು, ಲೆಕ್ಕ ಹಾಕಿ ನೋಡಬೇಕಾದ್ದು ಆಮೇಲೆ. ಬೆಲೆಗಳೆಲ್ಲ ಅಂದಾಜು. ಊರಿಂದ ಊರಿಗೆ ಬದಲಾಗುತ್ತವೆ.

## ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು

ಸ್ವಿಚ್ ಹಾಕಿದ್ರೆ ಏನೂ ಆಗ್ತಿಲ್ಲ. ಮೊದಲು ಏನು ನೋಡಲಿ?

ಮೊದಲು ಸಾಕೆಟ್ ನೋಡಿ. ಅದೇ ಸಾಕೆಟ್‌ಗೆ ಟೇಬಲ್ ಫ್ಯಾನೋ ಇಸ್ತ್ರಿ ಪೆಟ್ಟಿಗೆಯೋ ಹಾಕಿ, ಕರೆಂಟ್ ಬರುತ್ತಿದೆಯಾ ಪರೀಕ್ಷಿಸಿ. ಮೀಟರ್ ಬೋರ್ಡಿನಲ್ಲಿ ಎಂಸಿಬಿ (ಜಾಸ್ತಿ ಕರೆಂಟ್ ಹರಿದಾಗ ತಾನೇ ಆಫ್ ಆಗುವ ಸ್ವಿಚ್) ಬಿದ್ದಿದೆಯಾ ನೋಡಿ. ಪ್ಲಗ್ಗಿನ ಪಿನ್ ಕಪ್ಪಾಗಿದ್ದರೆ ತೊಂದರೆ ಸಾಮಾನ್ಯವಾಗಿ ಸಾಕೆಟ್ಟಿನದು, ಯಂತ್ರದ್ದಲ್ಲ.

ಆಮೇಲೆ ಸಣ್ಣಪುಟ್ಟ ಕಾರಣಗಳು. ಮಿಕ್ಸಿಯ ತಳದಲ್ಲಿ ಓವರ್‌ಲೋಡ್ ಬಟನ್ ಇರುತ್ತದೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ಐದು ನಿಮಿಷ ಆರಲು ಬಿಟ್ಟು ಅದನ್ನು ಒತ್ತಿ. ವಾಷಿಂಗ್ ಮಷೀನಿಗೆ ನೀರು ಬರುತ್ತಿಲ್ಲ ಅಂದರೆ ನಲ್ಲಿ ತೆರೆದಿದೆಯಾ, ನೀರು ಒಳಗೆ ಹೋಗುವ ಪೈಪಿನ ಜಾಲರಿಯಲ್ಲಿ ಮಣ್ಣು ಕಟ್ಟಿದೆಯಾ ನೋಡಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಈ ಜಾಲರಿ ಕಟ್ಟಿಕೊಳ್ಳುವುದು ಮಾಮೂಲು. ನೀರು ಹೊರಗೆ ಹೋಗುತ್ತಿಲ್ಲ ಅಂದರೆ ಕೆಳಗಿನ ಡ್ರೈನ್ ಫಿಲ್ಟರ್ ಬಿಚ್ಚಿ. ನಾಣ್ಯ, ಹೇರ್‌ಪಿನ್, ಮಕ್ಕಳ ಸಾಕ್ಸ್ ಸಿಗುತ್ತವೆ. ಇಷ್ಟಕ್ಕೇ ಜನ ಮುನ್ನೂರು ನಾನೂರು ರೂಪಾಯಿ ವಿಸಿಟಿಂಗ್ ಚಾರ್ಜ್ ಕೊಟ್ಟಿರುತ್ತಾರೆ.

ಹತ್ತು ವರ್ಷ ಆಗಿದೆ. ಇನ್ನು ಬಿಸಾಕೋದೇ ಅಲ್ವಾ?

ವಯಸ್ಸು ನೋಡಿ ತೀರ್ಮಾನ ಮಾಡಬೇಡಿ. ಏನು ಕೆಟ್ಟಿದೆ ಅಂತ ಕೇಳಿ. ಯಾವ ಯಂತ್ರದಲ್ಲೂ ಎರಡು ಬಗೆಯ ಭಾಗಗಳಿರುತ್ತವೆ. ಬೆಲ್ಟ್, ಕಾರ್ಬನ್ ಬ್ರಶ್, ಬೇರಿಂಗ್, ಕೆಪಾಸಿಟರ್, ಬಾಗಿಲಿನ ರಬ್ಬರ್, ಥರ್ಮೋಸ್ಟಾಟ್ ಇವೆಲ್ಲ ಸವೆಯಲೆಂದೇ ಇರುವವು. ಹತ್ತು ವರ್ಷದ ಯಂತ್ರದಲ್ಲೂ ಇವನ್ನು ಧೈರ್ಯವಾಗಿ ಬದಲಿಸಿ. ಇನ್ನೊಂದು ಬಗೆ ಒಡಲಿನದು: ಗೀಸರ್‌ನ ಟ್ಯಾಂಕ್, ಟಿವಿಯ ಪ್ಯಾನೆಲ್, ಫ್ರಿಜ್ಜಿನ ಗೋಡೆಯೊಳಗೆ ಹೂತಿರುವ ಪೈಪು, ತುಕ್ಕು ತಿಂದ ತಳ. ಇವು ಹೋದರೆ ನಾಲ್ಕು ವರ್ಷದ ಯಂತ್ರವಾದರೂ ಎರಡು ಸಲ ಯೋಚಿಸಿ.

ಮುಂದಿನ ಹೆಚ್ಚಿನ ಉತ್ತರಗಳು ನಿಂತಿರುವುದು ಇದೊಂದರ ಮೇಲೆಯೇ.

ರಿಪೇರಿ ಖರ್ಚು ಹೊಸದರ ಅರ್ಧಕ್ಕಿಂತ ಜಾಸ್ತಿ ಆದ್ರೆ ಮಾಡಿಸಬಾರದು ಅಂತಾರೆ. ನಿಜಾನಾ?

ಒಂದು ಅಂದಾಜಿಗೆ ಸರಿ. ಆದರೆ ಎರಡು ಕಡೆ ಜನ ಲೆಕ್ಕ ತಪ್ಪುತ್ತಾರೆ. ಒಂದು, ಹೊಸದರ ಬೆಲೆ ಅಂದರೆ ಅಂಗಡಿಯ ಬೋರ್ಡಿನ ಬೆಲೆ ಮಾತ್ರ ಅಲ್ಲ. ಫಿಟ್ಟಿಂಗ್, ಸ್ಟ್ಯಾಂಡ್, ಸ್ಟೆಬಿಲೈಸರ್, ಪೈಪು, ಮೂರನೇ ಮಹಡಿಗೆ ಹೊತ್ತು ತಂದವರ ಕೂಲಿ ಎಲ್ಲ ಸೇರಿಸಿ. ಏಸಿಯಾದರೆ ಈ ಮೇಲುಖರ್ಚೇ ಸಾವಿರಗಳಲ್ಲಿ ಬರುತ್ತದೆ.

ಎರಡು, ಈ ಸಲದ ಬಿಲ್ ಮಾತ್ರ ನೋಡಬೇಡಿ. ಕಳೆದ ಒಂದೆರಡು ವರ್ಷದಲ್ಲಿ ಅದೇ ಯಂತ್ರಕ್ಕೆ ಏನೇನು ಕೊಟ್ಟಿದ್ದೀರಿ ಅದನ್ನೂ ಕೂಡಿಸಿ. ಒಂದೇ ಭಾಗ ಮತ್ತೆ ಮತ್ತೆ ಹೋಗುತ್ತಿದ್ದರೆ ಮೂಲ ಕಾರಣ ಬೇರೆ ಎಲ್ಲೋ ಇದೆ. ಬೇರೆ ಬೇರೆ ಭಾಗ ಸಾಲಾಗಿ ಹೋಗುತ್ತಿದ್ದರೆ ಯಂತ್ರಕ್ಕೇ ವಯಸ್ಸಾಗಿದೆ. ಎಂಟು ವರ್ಷ ದಾಟಿದ ಯಂತ್ರಕ್ಕೆ ನಾನಾದರೆ ಅರ್ಧದವರೆಗೂ ಹೋಗುವುದಿಲ್ಲ, ಮೂರರಲ್ಲಿ ಒಂದು ಪಾಲಿಗೇ ನಿಲ್ಲುತ್ತೇನೆ.

ಕಂಪನಿ ಸರ್ವಿಸ್ ಸೆಂಟರ್‌ಗೆ ಹೇಳಲಾ, ನಮ್ಮ ಏರಿಯಾ ಮೆಕ್ಯಾನಿಕ್ ಸಾಕಾ?

ವಾರಂಟಿ ಇದ್ದರೆ ಕಂಪನಿ, ಯೋಚಿಸುವುದೇ ಬೇಡ. ವಾರಂಟಿ ಮುಗಿದ ಮೇಲೆ ಕೆಲಸ ನೋಡಿ ಆರಿಸಿ. ಬೆಲ್ಟ್, ಬೇರಿಂಗ್, ರಿಲೇ, ವೈಂಡಿಂಗ್ ಥರದ ಕೆಲಸಕ್ಕೆ ಪಕ್ಕದ ಬೀದಿಯ ಒಳ್ಳೆಯ ಮೆಕ್ಯಾನಿಕ್ ಸಾಕು. ಕಂಪನಿಯವರು ಇಡೀ ಬಿಡಿಭಾಗವನ್ನೇ ಬದಲಿಸುತ್ತಾರೆ, ಇವರು ಅದರೊಳಗಿನ ಐವತ್ತು ರೂಪಾಯಿಯ ಸಾಮಾನು ಬದಲಿಸುತ್ತಾರೆ. ಇನ್ವರ್ಟರ್ ಏಸಿ, ಇನ್ವರ್ಟರ್ ಫ್ರಿಜ್ಜಿಗೆ ಮಾತ್ರ ಆ ಮಾಡೆಲ್ ಗೊತ್ತಿರುವವರೇ ಬೇಕು.

ಒಂದು ಎಚ್ಚರಿಕೆ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಮೇಲೆ ಬರುವ ಕಸ್ಟಮರ್ ಕೇರ್ ನಂಬರ್ ಅನೇಕ ಸಲ ಕಂಪನಿಯದಾಗಿರುವುದಿಲ್ಲ. ನಂಬರನ್ನು ಬಿಲ್ಲಿನಿಂದಲೋ ವಾರಂಟಿ ಕಾರ್ಡಿನಿಂದಲೋ ತೆಗೆದುಕೊಳ್ಳಿ. ಫೋನಿನಲ್ಲಿ ಒಟಿಪಿ ಕೇಳಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಅಂದರೆ ಅಲ್ಲೇ ಇಟ್ಟುಬಿಡಿ.

ಯಾರೇ ಬಂದರೂ ಮೂರು ಮಾತು ಮೊದಲೇ ಆಡಿಕೊಳ್ಳಿ: ಏನು ಹೋಗಿದೆ, ಭಾಗಕ್ಕೆ ಎಷ್ಟು ಕೂಲಿಗೆ ಎಷ್ಟು, ರಿಪೇರಿಗೆ ಎಷ್ಟು ದಿನದ ಗ್ಯಾರಂಟಿ. ತೆಗೆದ ಹಳೇ ಭಾಗವನ್ನು ಕೈಗೆ ಇಸಿದುಕೊಳ್ಳಿ. ಈ ಮಾತು ಮೊದಲೇ ಹೇಳಿದರೆ ಎಷ್ಟೋ ಸಲ ಭಾಗ ಬದಲಿಸುವ ಅಗತ್ಯವೇ ಇಲ್ಲವಾಗುತ್ತದೆ!

## ಒಂದೊಂದು ಯಂತ್ರದ ಕತೆ

ಮಿಕ್ಸಿ ಓಡ್ತಾ ಓಡ್ತಾ ನಿಂತುಹೋಯ್ತು, ಸುಟ್ಟ ವಾಸನೆ ಬಂತು. ಮುಗೀತಾ?

ಬಹುತೇಕ ಇಲ್ಲ. ಮೋಟಾರ್ ಸದ್ದು ಬರುತ್ತದೆ, ಜಾರಿನ ಬ್ಲೇಡ್ ತಿರುಗುವುದಿಲ್ಲ ಅಂದರೆ ಜಾರನ್ನು ಮೋಟಾರಿಗೆ ಜೋಡಿಸುವ ಕಪ್ಲರಿನ ಹಲ್ಲು ಸವೆದಿದೆ. ಸದ್ದೇ ಇಲ್ಲ, ಓವರ್‌ಲೋಡ್ ಬಟನ್ ಒತ್ತಿದರೂ ಏನಿಲ್ಲ, ಮುಂಚೆ ಒಳಗೆ ಕಿಡಿ ಕಾಣುತ್ತಿತ್ತು ಅಂದರೆ ಕಾರ್ಬನ್ ಬ್ರಶ್ ಇರಬೇಕು. ಎರಡೂ ನೂರಿನ್ನೂರು ರೂಪಾಯಿಯೊಳಗಿನ ಸಾಮಾನು.

ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ, ಸುಟ್ಟಿದ್ದರೆ ಲೆಕ್ಕ ಬೇರೆ. ಒಳ್ಳೆಯ 750 ವ್ಯಾಟ್ ಮಿಕ್ಸಿಯಾದರೆ, ಜಾರುಗಳೆಲ್ಲ ಚೆನ್ನಾಗಿದ್ದರೆ ಬದಲಿಸಿ. ಅಗ್ಗದ ಮಿಕ್ಸಿಗೆ ಬೇಡ.

ಜನ ಕಡೆಗಣಿಸುವುದು ಜಾರಿನ ಬುಷ್, ಅಂದರೆ ಬ್ಲೇಡಿನ ಕಡ್ಡಿ ಕೂರುವ ಬಳೆ. ಅದು ಸವೆದರೆ ಚಟ್ನಿಯ ನೀರು ಜಾರಿನ ಅಡಿಯಿಂದ ಸೋರಿ ನೇರ ಮೋಟಾರಿಗೆ ಇಳಿಯುತ್ತದೆ. ಜಾರಿನ ತಳದಲ್ಲಿ ಕಪ್ಪು ಜಿಡ್ಡು ಕಂಡ ದಿನವೇ ಬುಷ್ ಹಾಕಿಸಿ. ಎಷ್ಟೋ ಮೋಟಾರ್ ಸುಡುವುದು ಈ ಸಣ್ಣ ಕೆಲಸ ಮುಂದಕ್ಕೆ ಹಾಕಿದ್ದಕ್ಕೆ.

ಇಡ್ಲಿ ಹಿಟ್ಟು ರುಬ್ಬೋ ಗ್ರೈಂಡರ್ ಹಳೇದು. ಹೊಸ ಟೇಬಲ್‌ಟಾಪ್ ತಗೊಳ್ಳಲಾ?

ಜಾಗದ ತೊಂದರೆ ಇದ್ದರೆ ತಗೊಳ್ಳಿ. ಕೆಟ್ಟಿದೆ ಅನ್ನೋ ಕಾರಣಕ್ಕೆ ಬೇಡ. ಕೊಯಮತ್ತೂರಿನ ಹಳೇ ಗ್ರೈಂಡರುಗಳಲ್ಲಿ ಕೆಡುವುದು ಬೆಲ್ಟ್, ಕೆಪಾಸಿಟರ್, ಬೇರಿಂಗ್ ಅಷ್ಟೇ. ಕಲ್ಲು ನುಣುಪಾಗಿ ಹಿಟ್ಟು ತಡವಾದರೆ ಉಳಿ ಹಿಡಿಯುವವರಿಂದ ಮತ್ತೆ ಒರಟು ಮಾಡಿಸಬಹುದು.

ಫ್ರಿಜ್ ಕೂಲ್ ಆಗ್ತಿಲ್ಲ. ಬಂದವರು 'ಗ್ಯಾಸ್ ಹೋಗಿದೆ' ಅಂತಾರೆ. ನಂಬಬಹುದಾ?

ಕೆಲವು ಸಲ ನಿಜ. ಎಷ್ಟೋ ಸಲ ಅದು ಸುಲಭವಾಗಿ ಬಾಯಿಗೆ ಬರುವ ಉತ್ತರ. ಮೊದಲು ನೀವೇ ಗಮನಿಸಿ.

ಹಿಂಬದಿಯ ಕಂಪ್ರೆಸರ್ 'ಟಿಕ್' ಅಂದು ಕೆಲವು ಸೆಕೆಂಡಿಗೆ ನಿಂತು, ಮತ್ತೆ 'ಟಿಕ್' ಅನ್ನುತ್ತಿದೆಯಾ? ಆಗ ಕಂಪ್ರೆಸರ್ ಚಾಲೂ ಮಾಡುವ ರಿಲೇ ಅಥವಾ ಅದನ್ನು ಕಾಪಾಡುವ ಓವರ್‌ಲೋಡ್ ಸ್ವಿಚ್ ಹೋಗಿದೆ, ಇಲ್ಲವೇ ವೋಲ್ಟೇಜ್ ಕಮ್ಮಿ. ರಿಲೇಗೆ ನೂರಾರು ರೂಪಾಯಿ ಅಷ್ಟೇ. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಮೇಲಿನ ಫ್ರೀಜರ್ ತಣ್ಣಗಿದೆ, ಕೆಳಗೆ ಹಾಲು ಒಡೆಯುತ್ತಿದೆಯಾ? ಒಂದು ದಿನ ಪೂರ್ತಿ ಆಫ್ ಮಾಡಿ ಬಾಗಿಲು ತೆರೆದಿಡಿ. ಮತ್ತೆ ಹಾಕಿದಾಗ ಕೆಲವು ದಿನ ಚೆನ್ನಾಗಿ ಓಡಿ ಪುನಃ ಅದೇ ರಾಗ ಅಂದರೆ, ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಅದನ್ನು ಕರಗಿಸುವ ಹೀಟರ್, ಸೆನ್ಸರ್ ಅಥವಾ ಟೈಮರ್ ಹೋಗಿದೆ. ಇದಕ್ಕೂ ಗ್ಯಾಸಿಗೂ ಸಂಬಂಧವೇ ಇಲ್ಲ.

ಕಂಪ್ರೆಸರ್ ನಿಲ್ಲದೆ ಓಡುತ್ತಿದೆ, ಮುಟ್ಟಿದರೆ ಸುಡುತ್ತದೆ, ಒಳಗೆ ತಂಪೇ ಇಲ್ಲ ಅಂದಾಗ ಗ್ಯಾಸಿನ ಅನುಮಾನ ಸರಿ. ಆದರೆ ನೆನಪಿಡಿ, ಫ್ರಿಜ್ಜಿನ ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ಬರೀ ಗ್ಯಾಸ್ ತುಂಬಿದರೆ ನಿಮ್ಮ ದುಡ್ಡು ನಿಧಾನವಾಗಿ ಗಾಳಿಗೆ ಹೋಗುತ್ತದೆ.

ತೂತು ಎಲ್ಲಿದೆ ಅನ್ನುವುದರ ಮೇಲೆ ತೀರ್ಮಾನ. ಹೊರಗಿನ ಪೈಪಿನಲ್ಲಿದ್ದರೆ ಬೆಸುಗೆ ಹಾಕಿಸಿ. ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ಚಾಕುವಿನಿಂದ ಐಸ್ ಕೆರೆಯುವಾಗ ಫ್ರೀಜರ್ ತೂತಾಗುವುದು ತುಂಬಾ ಸಾಮಾನ್ಯ. ಅದೂ ರಿಪೇರಿ ಆಗುತ್ತದೆ, ಕೆಲಸದವರು ಒಳ್ಳೆಯವರಾಗಿರಬೇಕು. ಗೋಡೆಯ ಫೋಮ್ ಒಳಗಿನ ಪೈಪಿನಲ್ಲಿ ಲೀಕ್ ಇದ್ದರೆ, ಹಳೇ ಫ್ರಿಜ್ಜಾಗಿದ್ದರೆ, ಬಿಟ್ಟುಬಿಡಿ.

ಗ್ಯಾಸ್ ತುಂಬುವಾಗ ಫಿಲ್ಟರ್ ಬದಲಿಸಿ, ಪೈಪಿನೊಳಗಿನ ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪ್ ಹಾಕುತ್ತಾರಾ ಕೇಳಿ. ಈಗಿನ ಹೆಚ್ಚಿನ ಫ್ರಿಜ್ಜುಗಳಲ್ಲಿ ಇರುವ ಆರ್-600ಎ ಬೆಂಕಿ ಹೊತ್ತಿಕೊಳ್ಳುವ ಗ್ಯಾಸ್. ಕಿಟಕಿ ತೆರೆದೇ ಕೆಲಸ ಮಾಡಿಸಿ. ಯಾವ ಗ್ಯಾಸ್ ಅಂತ ಹಿಂಬದಿಯ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ, ಅದನ್ನೇ ಹಾಕಬೇಕು.

ಕಂಪ್ರೆಸರ್‌ಗೆ 10 ವರ್ಷ ವಾರಂಟಿ ಇದೆ. ಹಾಗಾದ್ರೆ ಫ್ರೀನೇ ಅಲ್ವಾ?

ಕಂಪ್ರೆಸರ್ ಫ್ರೀ. ಗ್ಯಾಸ್, ಫಿಲ್ಟರ್, ಕೂಲಿ, ಸಾಗಾಟ ಸಾಮಾನ್ಯವಾಗಿ ನಿಮ್ಮ ಖರ್ಚು. ಹಲವು ಸಾವಿರ ಆಗಬಹುದು. ಒಪ್ಪುವ ಮೊದಲು ಎಲ್ಲ ಬರೆಸಿಕೊಳ್ಳಿ. ಹಾಗಿದ್ದರೂ ಆರೇಳು ವರ್ಷದ, ಬಾಗಿಲು ಮತ್ತು ಒಳಗೋಡೆ ಚೆನ್ನಾಗಿರುವ ಫ್ರಿಜ್ಜಿಗೆ ಇದು ಲಾಭದ ರಿಪೇರಿಯೇ.

ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಒಣಗಿಸುವಾಗ ವಿಮಾನದ ಥರ ಸದ್ದು ಮಾಡುತ್ತೆ. ಏನು ಮಾಡೋದು?

ಆಫ್ ಮಾಡಿ, ಒಳಗಿನ ಡ್ರಮ್ಮಿನ ಅಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹೊರಗಿನ ಟಬ್ಬನ್ನು ಬಿಟ್ಟು ಡ್ರಮ್ ಮಾತ್ರ ಲಟಲಟ ಅಂದರೆ ಬೇರಿಂಗ್ ಹೋಗಿದೆ. ಬೇರಿಂಗ್ ಬೆಲೆ ಕಮ್ಮಿ, ಕೂಲಿ ಜಾಸ್ತಿ, ಯಾಕೆಂದರೆ ಇಡೀ ಮಷೀನ್ ಬಿಚ್ಚಬೇಕು. ಇನ್ನೊಂದು ತಲೆನೋವು: ಕೆಲವು ಮಾಡೆಲ್‌ಗಳಲ್ಲಿ ಟಬ್ಬನ್ನು ಅಂಟಿಸಿಯೇ ಮುಚ್ಚಿರುತ್ತಾರೆ. ಆಗ ಬೇರಿಂಗ್ ಒಂದನ್ನೇ ಬದಲಿಸಲು ಆಗದೆ ಪೂರ್ತಿ ಟಬ್ ಹಾಕು ಅನ್ನುತ್ತಾರೆ. ಅಲ್ಲಿಗೆ ಹೊಸದರ ಲೆಕ್ಕ ಶುರು ಮಾಡಬಹುದು. ಸದ್ದು ಬರುತ್ತಲೇ ವರ್ಷಗಟ್ಟಲೆ ಓಡಿಸಿದರೆ ಶಾಫ್ಟೂ ಸವೆಯುತ್ತದೆ.

ಬೋರ್ಡ್ (ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಹೋಗಿದೆ ಅಂದರೆ ಹೊಸ ಬೋರ್ಡಿನ ಬೆಲೆ ಕೇಳಿ ಹೆದರಬೇಡಿ. ಬೋರ್ಡ್ ರಿಪೇರಿ ಮಾಡುವವರು ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಮಾತ್ರ ಅಲ್ಲ, ಜಿಲ್ಲಾ ಕೇಂದ್ರಗಳಲ್ಲೂ ಇದ್ದಾರೆ. ರಿಲೇ, ಕೆಪಾಸಿಟರ್ ಬದಲಿಸಿ ಕೊಡುತ್ತಾರೆ. ಬೋರ್ಡಿನ ಮೇಲೆ ಅಂಟು ಸುರಿದು ಮುಚ್ಚಿದ್ದರೆ ಅವರಿಗೂ ಕಷ್ಟ. ಸೆಮಿ ಆಟೊಮ್ಯಾಟಿಕ್ ಇರುವವರಿಗೆ ಈ ಚಿಂತೆಯೇ ಇಲ್ಲ. ಟೈಮರ್, ಬ್ರೇಕ್ ವೈರ್, ಮೋಟಾರ್ ಎಲ್ಲ ಎಲ್ಲ ಕಡೆ ಸಿಗುತ್ತದೆ. ತಳ ತುಕ್ಕು ಹಿಡಿಯುವವರೆಗೂ ಓಡಿಸಬಹುದು.

ಗೀಸರ್ ಸೋರುತ್ತಿದೆ. ವೆಲ್ಡಿಂಗ್ ಮಾಡಿಸಬಹುದಾ?

ಪೈಪಿನ ಜಾಯಿಂಟು, ವಾಲ್ವು, ಹೀಟರ್ ಕೂರುವ ಗ್ಯಾಸ್ಕೆಟ್ ಇಲ್ಲಿಂದ ಸೋರಿದರೆ ರಿಪೇರಿ. ಟ್ಯಾಂಕೇ ಸೋರಿದರೆ ಹೊಸದು. ಒಳಲೇಪನ ಇರುವ ಟ್ಯಾಂಕಿಗೆ ವೆಲ್ಡಿಂಗ್ ಹಾಕಿದರೆ ಲೇಪನ ಸುಟ್ಟು ಪಕ್ಕದಲ್ಲೇ ಮತ್ತೆ ತೂತಾಗುತ್ತದೆ. ಗಡಸು ನೀರಿನ ಮನೆಯಲ್ಲಿ ಆನೋಡ್ ರಾಡ್ ಅನ್ನುವ ಮೆಗ್ನೀಸಿಯಂ ಕಡ್ಡಿಯನ್ನು ಎರಡು ವರ್ಷಕ್ಕೊಮ್ಮೆಯಾದರೂ ನೋಡಿಸಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅದು ಕರಗಿ ಮುಗಿದ ಮೇಲೆ ತುಕ್ಕು ಟ್ಯಾಂಕಿಗೆ ಬರುತ್ತದೆ.

ನೀರು ಮುಟ್ಟಿದರೆ ಜುಮ್ ಅನ್ನುತ್ತಿದೆಯಾ? ರಿಪೇರಿಯೋ ಹೊಸದೋ ಆಮೇಲೆ ನೋಡೋಣ. ಮೊದಲು ಎಂಸಿಬಿ ಆಫ್ ಮಾಡಿ, ಯಾರೂ ಸ್ನಾನಕ್ಕೆ ಹೋಗದಂತೆ ನೋಡಿಕೊಳ್ಳಿ. ಹೀಟರ್ ಕಾಯಿಲ್ ಒಡೆದಿರಬಹುದು, ಜೊತೆಗೆ ಮನೆಯ ಅರ್ಥಿಂಗ್ ಕೂಡ ಸರಿಯಿಲ್ಲ.

ಟಿವಿಯಲ್ಲಿ ಸದ್ದು ಬರುತ್ತೆ, ಚಿತ್ರ ಇಲ್ಲ. ಹೊಸದೇನಾ?

ಕತ್ತಲೆಯಲ್ಲಿ ಪರದೆಗೆ ಟಾರ್ಚ್ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಹಿಂದಿನ ಬೆಳಕಿನ ಎಲ್‌ಇಡಿ ಪಟ್ಟಿ ಹೋಗಿದೆ, ರಿಪೇರಿ ಮಾಡಿಸಿ. ಪ್ಯಾನೆಲ್ ಒಡೆದಿದ್ದರೆ, ಬಣ್ಣದ ಗೆರೆಗಳು ಹರಡುತ್ತಿದ್ದರೆ ಹೊಸ ಪ್ಯಾನೆಲ್ ಬೆಲೆ ಹೊಸ ಟಿವಿಯ ಹತ್ತಿರಕ್ಕೇ ಬರುತ್ತದೆ.

ಮೈಕ್ರೋವೇವ್ ನಾನೇ ಬಿಚ್ಚಿ ನೋಡಬಹುದಾ?

ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣಕ್ಕೆ ಕುತ್ತಾಗುವಷ್ಟು ಕರೆಂಟ್ ಉಳಿದಿರಬಹುದು. ನೀವು ಮಾಡಬಹುದಾದ್ದು ಒಳಗೋಡೆಯಲ್ಲಿ ಸುಟ್ಟ ಮೈಕಾ ಹಾಳೆ ಬದಲಿಸುವುದು, ತಟ್ಟೆಯ ಕೆಳಗಿನ ಗಾಲಿ ಬದಲಿಸುವುದು. ಅಷ್ಟೇ.

## ಲೆಕ್ಕ ಹಾಕಿ ನೋಡೋಣ

ಹೊಸ 5 ಸ್ಟಾರ್ ತಗೊಂಡ್ರೆ ಕರೆಂಟ್ ಬಿಲ್‌ನಲ್ಲೇ ದುಡ್ಡು ವಾಪಸ್ ಬರುತ್ತಂತೆ. ಹೌದಾ?

ಅದು ಯಾವ ಯಂತ್ರ ಅನ್ನುವುದರ ಮೇಲೆ ಹೋಗುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದು ಎರಡು ಲೆಕ್ಕ ನೋಡಿ.

ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್, ಕಮ್ಮಿ ಕರೆಂಟ್ ತಿನ್ನುವ ಮೋಟಾರಿನ ಹೊಸ ಬಿಎಲ್‌ಡಿಸಿ ಫ್ಯಾನ್ 28 ವ್ಯಾಟ್. ದಿನಕ್ಕೆ 12 ಗಂಟೆ ಓಡಿದರೆ ವರ್ಷಕ್ಕೆ ಸುಮಾರು 205 ಯೂನಿಟ್, ಅಂದರೆ 1,200 ರೂಪಾಯಿಗಿಂತ ಜಾಸ್ತಿ ಉಳಿತಾಯ. 3,000 ರೂಪಾಯಿಯ ಫ್ಯಾನಿನ ದುಡ್ಡು ಎರಡೂವರೆ ವರ್ಷದಲ್ಲಿ ವಾಪಸ್. ಹಾಗಾಗಿ ಹಾಲಿನಲ್ಲೋ ಮಲಗುವ ಕೋಣೆಯಲ್ಲೋ ದಿನವಿಡೀ ಓಡುವ ಫ್ಯಾನ್ ಸುಟ್ಟರೆ ವೈಂಡಿಂಗ್ ಮಾಡಿಸಬೇಡಿ, ಬದಲಿಸಿ. ದೇವರ ಮನೆ, ಅತಿಥಿ ಕೋಣೆಯ ಫ್ಯಾನಿಗೆ ಕೆಪಾಸಿಟರೋ ಬೇರಿಂಗೋ ಹಾಕಿಸಿ ಓಡಿಸಿ.

ಫ್ರಿಜ್ಜಿನ ಲೆಕ್ಕ ಉಲ್ಟಾ. ಹಳೆಯದು ದಿನಕ್ಕೆ ಒಂದೂವರೆ ಯೂನಿಟ್ ತಿನ್ನುತ್ತದೆ ಅಂದುಕೊಳ್ಳಿ, ವರ್ಷಕ್ಕೆ ಸುಮಾರು 550. ಹೊಸದರ ಲೇಬಲ್ ಮೇಲೆ 200 ಅಂತಿದೆ. ಉಳಿಯುವುದು 350 ಯೂನಿಟ್, 2,100 ರೂಪಾಯಿ. ಫ್ರಿಜ್ 18,000 ಆದರೆ ಎಂಟು ವರ್ಷ ದಾಟಬೇಕು. ಚೆನ್ನಾಗಿ ಓಡುವ ಫ್ರಿಜ್ಜನ್ನು ಬರೀ ಬಿಲ್ ಉಳಿಸಲು ಬದಲಿಸಬೇಡಿ. ಬಾಗಿಲಿನ ರಬ್ಬರ್ ಸಡಿಲ ಇದ್ದರೆ ಅದನ್ನು ಹಾಕಿಸಿ ಸಾಕು.

ನಮಗೆ ಗೃಹಜ್ಯೋತಿ ಇದೆ. ಈ ಲೆಕ್ಕ ನಮಗೂ ಬರುತ್ತಾ?

ಒಳ್ಳೆಯ ಪ್ರಶ್ನೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಉಚಿತದ ಮಿತಿ ಹಾಕಿದ್ದಾರೆ, ಗರಿಷ್ಠ 200 ಯೂನಿಟ್. ನಿಮ್ಮ ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ 5 ಸ್ಟಾರ್ ಯಂತ್ರದಿಂದ ಕೈಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ರಿಪೇರಿಯೇ ಮೇಲು.

ತಿಂಗಳಿಗೆ 205, 210 ಯೂನಿಟ್ ಆಗುವ ಮನೆಯವರ ಕತೆ ಬೇರೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮೇಲೆ ಹೇಳಿದ ಒಂದು ಫ್ಯಾನ್ ತಿಂಗಳಿಗೆ 17 ಯೂನಿಟ್ ಉಳಿಸುತ್ತದೆ. ಅವರಿಗೆ ಆ ಒಂದೇ ಫ್ಯಾನ್ ಸಾವಿರಕ್ಕೂ ಹೆಚ್ಚು ರೂಪಾಯಿಯ ಬಿಲ್ಲನ್ನು ತೀರಾ ಕಮ್ಮಿ ಮಾಡಬಲ್ಲದು.

ಹಳೇ ಏಸಿಗೆ ಮತ್ತೆ ಗ್ಯಾಸ್ ತುಂಬಿಸೋದಾ?

ಸ್ಟಿಕ್ಕರಿನಲ್ಲಿ ಆರ್-22 ಅಂತಿದ್ದರೆ ದೊಡ್ಡ ಖರ್ಚು ಮಾಡಬೇಡಿ. ಓಝೋನ್ ಪದರ ಉಳಿಸಲು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರ ಹೊತ್ತಿಗೆ ಈ ಗ್ಯಾಸಿನ ಬಳಕೆ ಬಹುತೇಕ ನಿಲ್ಲಬೇಕು. ಅದರ ಜಾಗಕ್ಕೆ ಆರ್-32 ತುಂಬುತ್ತೇವೆ ಅಂದರೆ ಒಪ್ಪಲೇಬೇಡಿ. ಒತ್ತಡ ಬೇರೆ, ಅದು ಬೆಂಕಿಗೂ ಸ್ವಲ್ಪ ಹತ್ತುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪು ಗಾಳಿಗೆ ಹೊರಗಿನ ಕಾಯಿಲ್ ಬೇಗ ತಿಂದುಹೋಗುತ್ತದೆ. ಒಂದು ಕಡೆ ಬೆಸುಗೆ ಹಾಕಿದರೆ ಇನ್ನೊಂದು ಕಡೆ ಬಿಡುತ್ತದೆ. ಎರಡನೇ ಸಲ ಲೀಕ್ ಆದಾಗ ಕಾಯಿಲ್ ಪೂರ್ತಿ ಬದಲಿಸಿ ಅಥವಾ ಏಸಿಯನ್ನೇ ಬದಲಿಸಿ.

ಸ್ಟಾರ್ ಹೋಲಿಸುವಾಗ ವರ್ಷ ನೋಡಿ. 2022ರ ಜುಲೈನಲ್ಲಿ ಏಸಿಯ ಅಳತೆ ಬಿಗಿಯಾಯಿತು, ಹಿಂದಿನ 5 ಸ್ಟಾರ್ 4 ಆಯಿತು. ನಿಮ್ಮ ಹಳೆಯ 5, ಅಂಗಡಿಯ ಹೊಸ 5 ಎರಡೂ ಒಂದೇ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಏಸಿಯ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಫ್ರಿಜ್, ವಾಷಿಂಗ್ ಮಷೀನಿಗೆ 2018ರಿಂದಲೇ 18 ಇತ್ತು.

ಬೋರ್ಡ್ ಹಾಕಿಸಿದೆ, ಆರು ತಿಂಗಳಿಗೆ ಮತ್ತೆ ಸುಟ್ಟುಹೋಯ್ತು. ಮಷೀನೇ ಬದಲಿಸಲಾ?

ಬದಲಿಸಿದರೆ ಹೊಸದೂ ಸುಡಬಹುದು. ಮನೆಯ ಕರೆಂಟ್ ನೋಡಿಸಿ. ಸಂಜೆ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ ಬೀಳುವ ಊರುಗಳಲ್ಲಿ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಒಂದು ಕೋಣೆಯ ದೀಪ ಉಜ್ವಲ, ಇನ್ನೊಂದರದು ಮಂಕು ಆಗುತ್ತಿದ್ದರೆ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ತಂತಿ) ಸಡಿಲ ಇರಬಹುದು. ಇದು ಅಪಾಯ, ಮೇನ್ ಸ್ವಿಚ್ ಆಫ್ ಮಾಡಿ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಮಲೆನಾಡು, ಕರಾವಳಿಯವರು ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ಗನ್ನೇ ಕಿತ್ತಿಡಬೇಕು. ಸ್ಟೆಬಿಲೈಸರ್ ಸಿಡಿಲನ್ನು ತಡೆಯುವುದಿಲ್ಲ.

ಸ್ಪೇರ್ ಪಾರ್ಟ್ ಸಿಗಲ್ಲ, ಹೊಸದು ತಗೊಳ್ಳಿ ಅಂತಾರೆ. ಎಲ್ಲಿ ದೂರು ಕೊಡೋದು?

ಮೊದಲು ಆ ಮಾತನ್ನು ಬರಹದಲ್ಲಿ ಕೇಳಿ. ಎಷ್ಟೋ ಸಲ ಭಾಗ ಅಲ್ಲೇ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿದೆ, ಅಲ್ಲಿ ಕಂಪನಿಗಳ ಸರ್ವಿಸ್ ವಿವರ ಸಿಗುತ್ತದೆ. ವಾರಂಟಿ ಒಳಗೇ ಕೈಕೊಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಬಿಲ್, ಜಾಬ್ ಶೀಟ್ (ರಿಪೇರಿಗೆ ಬಂದವರು ಬರೆದುಕೊಡುವ ಚೀಟಿ) ಎರಡನ್ನೂ ಎತ್ತಿಡಿ.

ಹಳೇದನ್ನು ಎಕ್ಸ್‌ಚೇಂಜ್ ಕೊಡೋದಾ, ಗುಜರಿಗಾ?

ಎಕ್ಸ್‌ಚೇಂಜ್ ಇಲ್ಲದೆ ಕೊನೆಯ ಬೆಲೆ ಎಷ್ಟು ಅಂತ ಮೊದಲು ಕೇಳಿ. ಹಳೇದರ ಮಾತು ಆಮೇಲೆ ತೆಗೆಯಿರಿ. ದಸರಾ, ದೀಪಾವಳಿ ಆಫರುಗಳಲ್ಲಿ ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಉಂಟು. ಓಡುವ ಯಂತ್ರವಾದರೆ ಹಳೇದು ಮಾರುವ ಮೆಕ್ಯಾನಿಕ್ ಕೊಡುವ ಬೆಲೆ ಸಾಮಾನ್ಯವಾಗಿ ಇದಕ್ಕಿಂತ ಮೇಲು.

ಪೂರ್ತಿ ಕೆಟ್ಟ ಫ್ರಿಜ್, ಏಸಿ, ಟಿವಿ ಗುಜರಿಗೆ ಬೇಡ. ಅಲ್ಲಿ ಪೈಪು ಕತ್ತರಿಸಿ ಗ್ಯಾಸ್ ಬಿಡುತ್ತಾರೆ, ವೈರ್ ಸುಟ್ಟು ತಾಮ್ರ ತೆಗೆಯುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಇಂಥವನ್ನು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದೂ ಹೌದು. ಕಂಪನಿಗೆ ಫೋನ್ ಮಾಡಿ ಸಂಗ್ರಹ ಕೇಂದ್ರ ಎಲ್ಲಿದೆ ಕೇಳಿ. ಅಲ್ಲಿಯವರೆಗೆ ಫ್ರಿಜ್ಜನ್ನು ಹಿತ್ತಲಿನಲ್ಲೋ ಮಹಡಿಯ ಮೇಲೋ ಇಡುವುದಾದರೆ ಬಾಗಿಲು ಕಳಚಿಯೇ ಇಡಿ. ಆಟಕ್ಕೆ ಒಳಗೆ ಹೊಕ್ಕ ಮಕ್ಕಳಿಗೆ ಒಳಗಿನಿಂದ ಬಾಗಿಲು ತೆರೆಯಲು ಆಗದೇ ಇರಬಹುದು.